ಸುಟ್ಟ ಕಡ್ಡಿ

ಮದುವ್ಯಾಗಿ ಗುಳೇದಗುಡ್ಡಕ್ಕ ಬಂದ ಮೂರನೇ ದಿನ
ಅಡಗಿಮನಿಯಾಗ ಒಂದು ಡಬ್ಬಿ ತೆರದೆ.
ಏಲಕ್ಕಿ ಇರಬೇಕಂತ ಮಾಡಿದ್ದೆ.
ಇದ್ದದ್ದು ಬೆಂಕಿಕಡ್ಡಿ,
ತಲಿ ಸುಟ್ಟು ಕರ್ರಗಾದ, ಸೊಂಟ ಇನ್ನೂ ಗಟ್ಟಿ ಇದ್ದ
ನೂರಾರು ಬೆಂಕಿಕಡ್ಡಿ.

ನಕ್ಕೆ.
ಬೆಳಗಾವಿಗೆ ಫೋನ್ ಹಚ್ಚಿ
ಅಕ್ಕನ ಮುಂದ ಹೇಳಿ ಮತ್ತೊಮ್ಮೆ ನಕ್ಕೆ.

ಅತ್ತಿ ಬನಶಂಕ್ರವ್ವ ಏನೂ ಅನಲಿಲ್ಲ.
ಒಂದು ಒಲಿ ಉರಿಯೂದಿತ್ತು.
ಸುಟ್ಟ ಕಡ್ಡಿ ಅದಕ್ಕ ಹಿಡದು ಇನ್ನೊಂದು ಒಲಿ ಹಚ್ಚಿದ್ಲು,
ಊದಿ ಆರಿಸಿ ಡಬ್ಬಿಗೆ ಹಾಕಿದ್ಲು,
ಕಿವಿ ಓಲಿ ತಗದು ಇಟ್ಟಂಗ.

ನಡುಮನಿಯಾಗ ಕುಣಿಮಗ್ಗ. ಮಾವ ಖಣ ನೇಯ್ತಿದ್ರು.
ಹರದ ಎಳಿ ಒಂದೂ ಕಸಕ್ಕ ಹೋಗತಿದ್ದಿಲ್ಲ.
ಮೊಳದುದ್ದ ಇದ್ದದ್ದು ಗಂಟು ಬಿದ್ದು ಲಾಳಿಗೆ ವಾಪಸ್,
ಗೇಣುದ್ದದ್ದು ಅತ್ತಿ ಸೂಜಿಗೆ,
ಅದಕ್ಕೂ ಸಣ್ಣದು ಕಿಟಕಿ ಹಲಿಗಿ ಮ್ಯಾಲ, ಗುಬ್ಬಿಗೆ.
ಆ ವರ್ಷ ನಮ್ಮ ಜಂತಿಯೊಳಗಿನ ಗೂಡು
ಕೆಂಪು, ಹಸರು, ಜರಿ ಅಂಚಿನದು.

ನೀರು ಬರೂದು ಐದು ದಿನಕ್ಕೊಮ್ಮೆ, ಅದೂ ನಸಕಿನ್ಯಾಗ.
ನಳ ಕೆಮ್ಮಿದ್ದು ಕೇಳಿ ಓಣಿಗೆ ಓಣಿ ಏಳತಿತ್ತು.
ನಾನೂ ಎದ್ದೆ. ನಳ ಹಂಗ ಬಿಟ್ಟು
ಹಲ್ಲು ತಿಕ್ಕೋತ ನಿಂತೆ.
ಅತ್ತಿ ಬಂದು ಕೆಳಗ ಒಂದು ಕೊಡ ಇಟ್ಟಳು.
ನಾ ಬಾಯಿ ಮುಕ್ಕಳಿಸೂದ್ರಾಗ ಕೊಡ ತುಂಬಿ ಚೆಲ್ಲತಿತ್ತು.
ಎತ್ತಿ ನನ್ನ ಸೊಂಟಕ್ಕ ಕೊಟ್ಟಳು.
ಅಷ್ಟ. ಆ ತೂಕ
ಇಪ್ಪತ್ತು ವರ್ಷಾತು, ಇನ್ನೂ ಇಳಿಸಿಲ್ಲ.

ಬ್ಯಾಳಿ ತೊಳದ ನೀರು ಕರಿಬೇವಿಗೆ.
ಅರಬಿ ಹಿಂಡಿದ್ದು ಅಂಗಳಕ್ಕ, ಉಳದದ್ದು ಮೋರಿಗೆ.
"ಒಂದು ನೀರಿಗೆ ಮೂರು ಕೆಲಸ ಹಚ್ಚಬೇಕ ಮಗಳ,
ಇಲ್ಲಂದ್ರ ಅದಕ್ಕ ಸೊಕ್ಕ ಬರತೈತಿ."

ಸಾಬೂನಿನ ಚೂರು ಹೊಸ ಸಾಬೂನಿನ ಬೆನ್ನಿಗೆ ಅಂಟಿಸಿದ್ದು ನೋಡಿ
ಒಂದಿನ ಸಿಟ್ಟು ನೆತ್ತಿಗೇರಿತು.
ಜುಗ್ಗಿ, ಅಂದೆ. ಕೇಳಿಸೂವಂಗ ಅಂದೆ.

ಅವತ್ತ ಮಧ್ಯಾಹ್ನ ಬಿಸಲಾಗ
ಛತ್ರಿ ರಿಪೇರಿಯವ ಬಂದ.
ಒಂದು ತಂಬಿಗಿ ಕುಡದ. ಇನ್ನೊಂದು ಕುಡದ.
ಅತ್ತಿ ಕೊಡಾನ ಎತ್ತಿ ತಂದ್ಲು.
"ಮಾರಿಗೆ ಹಾಕ್ಕೋ. ತಲಿಗೂ ಹಾಕ್ಕೋ. ಇನ್ನಟ ಹಾಕ್ಕೋ."
ಕಟ್ಟಿ ಮ್ಯಾಲಿಂದ ನೀರು ಹರದು
ಬೀದಿಗೆ ಬಿತ್ತು, ಧೂಳ ನುಂಗಿತು.
ಅತ್ತಿ ಆ ಕಡೆ ನೋಡಲೇ ಇಲ್ಲ.
ನಾ ಬಾಗಲದಾಗ ನಿಂತು ನೋಡಿದೆ.

ಈಗ ಅತ್ತಿ ಇಲ್ಲ. ಡಬ್ಬಿ ಐತಿ.

ಹ್ವಾದ ತಿಂಗಳ ಅಕ್ಕನ ಮನಿಗೆ ಹೋಗಿದ್ದೆ,
ತಿಲಕವಾಡಿ, ನಾಕನೇ ಮಾಳಗಿ.
ರಾತ್ರಿ ಎರಡಕ್ಕ ಎಲ್ಲೋ ನೀರಿನ ಸಪ್ಪಳ.
ಅಕ್ಕನ ನಳ ಅಲ್ಲ, ಎದರಿನವರದೂ ಅಲ್ಲ.
ಮೆಟ್ಟಲ ಹತ್ತಿದೆ, ಬರಿಗಾಲಲೆ.
ಗಚ್ಚಿ ಮ್ಯಾಲ ಟಾಕಿ ತುಂಬಿ ಸುರೀತಿತ್ತು,
ಪಂಪಿನ ಗುಂಡಿ ಹುಡಕಾಕತ್ತಿದ್ದೆ.
ಹಿಂದಿಂದ ಬ್ಯಾಟರಿ ಬೆಳಕು, ವಾಚಮನ್‌ನ ದನಿ:
"ಕೋಣ ಆಹೆ ತಿಕಡೆ?"
ಕೋಣ ಅಲ್ಲೋ ಯಪ್ಪಾ,
ಗುಳೇದಗುಡ್ಡದ ಸೊಸಿ.

ಅವಗ ತಿಳೀಲಿಲ್ಲ. ಪಂಪ ಮಾತ್ರ ಬಂದ ಮಾಡಿದ.

ಮುಂಜಾನೆ ಚಾ ಇಡಾಕ ಅಕ್ಕ ಲೈಟರ್ ಒತ್ತಿದ್ಲು,
ಟಕ್ ಅಂತು, ಕಿಡಿ ಇಲ್ಲ.
ದೇವರ ಕೋಲ್ಯಾಗಿನ ಕಡ್ಡಿಪೆಟಗಿಯೊಳಗ
ಒಂದ ಕಡ್ಡಿ. ಹಚ್ಚೂ ಒಲಿ ಎರಡು.
ನಾ ಪರ್ಸಿಗೆ ಕೈ ಹಾಕಿದೆ.

ಅಕ್ಕ ನಕ್ಕಳು. ಕಣ್ಣಾಗ ನೀರು ಬರೂತನಕ ನಕ್ಕಳು.
ಆಮ್ಯಾಲ, ಎರಡೂ ಒಲಿ ಹತ್ತಿದ ಮ್ಯಾಲ,
ಕಡ್ಡಿ ಊದಿ ಆರಿಸಿ
ಎಲ್ಲೆ ಒಗೀಲಿ ಅಂತ ಕೇಳಿದ್ಲು.

ನಾ ಕೈ ಚಾಚಿದೆ.