ಷರಾ

ಮಾರ್ಚ್ ಮೂವತ್ತೊಂದಕ್ಕೆ ಇನ್ನು ಒಂಬತ್ತು ದಿನ.
ಯಾದಗಿರಿಯ ಕಚೇರಿಯಲ್ಲಿ ಫ್ಯಾನು
ಇದ್ದ ಬಿಸಿಗಾಳಿಯನ್ನೇ ಮಡಿಚಿ ಮಡಿಚಿ
ನಮ್ಮ ಮೇಲೆ ಹಾಕುತ್ತಿದೆ.
ಮೇಜಿನ ಮೇಲೆ ಕಡತ:
ಮನೆಭೇಟಿ ಯೋಜನೆ, ವಡಗೇರಾ ಕಡೆಯ ಹನ್ನೊಂದು ಊರು.
ಮುಂದುವರಿಸಬೇಕೆ, ಕೈಬಿಡಬೇಕೆ?

ಖರ್ಚಿನ ಕಡೆ ಎಲ್ಲ ಚೊಕ್ಕ.
ತೂಗುವ ತಕ್ಕಡಿ ಹನ್ನೊಂದು, ಅದಕ್ಕೆ ಜೋಲಿಬಟ್ಟೆ ಹನ್ನೊಂದು,
ಕಬ್ಬಿಣದ ಗುಳಿಗೆ, ಜಂತುಹುಳದ ಗುಳಿಗೆ,
ಆಟೋ ಬಾಡಿಗೆ (ರಸೀದಿ ಇಲ್ಲದ್ದು ಬಿಟ್ಟು),
ಕೂಸೊಂದಕ್ಕೆ ವರ್ಷಕ್ಕೆ ಸಾವಿರದ ನೂರಾ ಎಂಟು.
ಲಾಭದ ಕಡೆ ಖಾಲಿ.
ಸೊನ್ನೆಯಲ್ಲ, ಖಾಲಿ.
ಇಪ್ಪತ್ತೆರಡು ವರ್ಷ ಲೆಕ್ಕ ಬರೆದವನಿಗೆ
ಅವೆರಡರ ನಡುವಿನ ಅಂತರ ಗೊತ್ತು.

ಅಂಗನವಾಡಿಯ ಸಾಬಮ್ಮನನ್ನು ಕೇಳಿದೆ,
ಮೂರು ವರ್ಷದಲ್ಲಿ ಏನಾಯಿತು?
"ಏನೂ ಆಗಿಲ್ರಿ ಸರ್" ಅಂದಳು,
ಮಗಳ ಮದುವೆ ಆಯಿತು ಅನ್ನುವ ದನಿಯಲ್ಲಿ.

ಖಾಜಾಬಿಯ ಮೊಮ್ಮಗಳಿಗೆ ನಡುರಾತ್ರಿ ಭೇದಿ ಹತ್ತಿತಂತೆ.
ಉಪ್ಪು ಸಕ್ಕರೆ ನೀರು ಕಲಸುವುದನ್ನು
ಹಿಂದಿನ ವಾರವೇ ತೋರಿಸಿ ಬಂದಿದ್ದಳಂತೆ.
ಮುಂಜಾನೆ ಹುಡುಗಿ ಎದ್ದು ರೊಟ್ಟಿ ಕೇಳಿದಳು.
ಕಥೆ ಅಷ್ಟೇ.
ರಾಯಚೂರಿಗೆ ಓಡದ ಜೀಪು,
ಒತ್ತೆ ಬೀಳದ ಬೋರಮಾಳ,
ಮೂರನೇ ದಿನದ ಊಟಕ್ಕೆ ಯಾರೂ ಕೂಡದ ಅಂಗಳ.
"ಇದನ್ನ ಹೆಂಗ ಬರೀತೀರಿ?"

ಆಮೇಲೆ ಅವಳೇ, ಕೇಳದಿದ್ದರೂ,
ಹನ್ನೆರಡು ಸಲ ಹೋದ ಮನೆಯ ಹೆಸರು ಹೇಳಿದಳು.
ಅಲ್ಲೂ ಕೂಸು ಉಳಿಯಲಿಲ್ಲ.
"ಅದನ್ನೂ ಹಾಕ್ರಿ. ಖರೇ ಇರ್ಲಿ."

ಸಾಹೇಬರು ಕೆಟ್ಟವರಲ್ಲ.
ಇದೇ ದುಡ್ಡಿಗೆ ಗುರುಮಠಕಲ್ಲಿನಲ್ಲಿ
ಎರಡು ಶಾಲೆಯ ಕೋಣೆ ಏಳುತ್ತವೆ,
ಕೋಣೆ ಕಣ್ಣಿಗೆ ಕಾಣುತ್ತದೆ, ಅಂದರು.
ಭೇಟಿ ಇಲ್ಲದಿದ್ದರೂ ಆ ಹುಡುಗಿ ಬದುಕುತ್ತಿದ್ದಳೇನೋ,
ಹೋಲಿಕೆಗೆ ನಾವು ಹೋಗದ ಊರೊಂದನ್ನು ನೋಡಿ ಬಾ.

ಹೋದೆ.
ಬಂಡೆಗಲ್ಲಿನ ಗೋಡೆಗಳು ಕಾದು ಕೂತಿದ್ದವು.
ನನ್ನ ಕಂಕುಳಲ್ಲಿ ರಿಜಿಸ್ಟರ್ ಕಂಡು
ಹೆಂಗಸೊಬ್ಬಳು ಓಡಿ ಬಂದಳು:
"ತೂಗಾಕ ಬಂದೀರೇನ್ರಿ?"
ಇಲ್ಲಮ್ಮ, ನಾನು ಲೆಕ್ಕದವನು ಅಂದೆ.
ಲೆಕ್ಕ ಅಂದರೂ ತೂಕ ಅಂದರೂ ಅವಳಿಗೆ ಒಂದೇ.
ಸೊಂಟದ ಮೇಲಿದ್ದುದನ್ನು ಎತ್ತಿ ನನ್ನ ಕೈಗಿಟ್ಟಳು.
"ಎಷ್ಟದ ನೋಡ್ರಿ."

ಎರಡು ವರ್ಷವಂತೆ.
ಕಳೆದ ಸಾಲಿನ ವೋಚರ್ ಕಟ್ಟು
ಇದಕ್ಕಿಂತ ಭಾರ ಇತ್ತು.
ಅದು ನನ್ನ ಜೇಬಿನ ಪೆನ್ನು ಹಿಡಿದು
ಬಿಡಲೊಲ್ಲದು.
ಸುತ್ತ ಇನ್ನೂ ನಾಲ್ವರು ತಾಯಂದಿರು
ಸಾಲಾಗಿ ನಿಂತುಬಿಟ್ಟಿದ್ದರು.
ಏನು ಹೇಳಲಿ ಅವರಿಗೆ,
ನೀವು ಹೋಲಿಕೆಗೆ ಇರುವ ಊರು ಎಂದೆ?

ಕಚೇರಿಗೆ ಬಂದು ಕೋಷ್ಟಕ ತುಂಬಿದೆ.
ಷರಾ ಎಂಬ ಕಡೆಯ ಕಾಲಂ,
ಬೆರಳಗಲದ ಜಾಗ.
ಹನ್ನೊಂದು ಊರುಗಳ ಎದುರಿಗೆ
"ಏನೂ ಆಗಿಲ್ಲ" ಎಂದು ಬರೆದೆ,
ಒಂದರ ಎದುರು ಆದದ್ದನ್ನೂ ಬರೆದೆ.
ಹನ್ನೆರಡನೇ ಸಾಲು ನಮೂನೆಯಲ್ಲಿ ಇರಲಿಲ್ಲ.
ಕೈಯಿಂದ ಗೆರೆ ಎಳೆದು
ಆ ಊರಿನ ಹೆಸರು ಹಾಕಿದೆ.
ತೂಕ: ತಿಳಿದಿಲ್ಲ.

ಇವತ್ತು ಕಡತ ವಾಪಸ್ ಬಂದಿದೆ.
ಅಂಚಿನಲ್ಲಿ ಕೆಂಪು ಶಾಯಿ:
ಸ್ಪಷ್ಟಪಡಿಸಿ.