ಒಲಿಯಾಗ ಎದ್ದ ನೀರು

ಕುಶಾವತಿ ಹೊಳಿ ಬಲಕ್ಕ ಹೊರಳೂ ಕಡೆ
ಮೂವತ್ತೆರಡು ಮೆಟ್ಟಲ, ಒಂದು ಚಿರೇಕಲ್ಲಿನ ತೊಟ್ಟಿ,
ತೊಟ್ಟಿ ತುಂಬ ಗೋಡಂಬಿ ಎಲಿ, ಬೀರಿನ ಬಾಟಲಿ,
ಒಂದು ಸತ್ತ ಸ್ಕೂಟರ.
ಅದನ್ನ ತೋರಿಸಿ ಎರ್ಮೆಲಿಂದಾ ಬಾಯಿ ಅಂದಳು:
"ನಮ್ಮಜ್ಜ ಇಲ್ಲಿ ಬರೇ ನೀರಿನಿಂದ ಮಂದೀನ ವಾಸಿ ಮಾಡತಿದ್ದ."
ಆಕಿ ಕೊಂಕಣಿ ನನಗ ಅರ್ಧ ತಿಳೀತು,
ಉಳಿದರ್ಧ ಆಕಿ ಕೈ ಹೇಳಿದುವು.

ನಾನು ಗುಳೇದಗುಡ್ಡದಾಂವ, ಗಾರೆ ಕೆಲಸ.
ಹನ್ನೊಂದು ವರ್ಷ ಮಡಗಾಂವದಾಗ
ಕಂಡವರ ಬಚ್ಚಲಕ್ಕ ಫರಸಿ ಹಾಕೀನಿ.
ಹುಟ್ಟೂ ನೀರಿಗೆ ಮನಿ ಕಟ್ಟಿದ್ದು
ಇದ ಮೊದಲು.

ಬಾಯಿ ಒಂದು ವಹಿ ತಂದಿದ್ದಳು,
ಗೆದ್ದಲು ತಿಂದು ಬಿಟ್ಟದ್ದು.
ಪೋರ್ತುಗೀಸ ಅಕ್ಷರದ ಮ್ಯಾಲ ಬೆರಳಿಟ್ಟು ಓದಿದಳು:
ಕಾಣಕೋಣದ ಮೀನುಗಾರ, ಕಜ್ಜಿ, ಹದಿನಾಲ್ಕು ಸ್ನಾನ.
ಒಬ್ಬ ಪಾದ್ರಿ, ಕೀಲುನೋವು, ಇಪ್ಪತ್ತು.
ಒಬ್ಬಾಕಿ ವಿಧವೆ, ರೋಗದ ಜಾಗಾ ಖಾಲಿ,
ಅರವತ್ತು ಸ್ನಾನ.
"ಆಕೀಗೇನಾಗಿತ್ರಿ?" ಅಂದ ನಮ್ಮ ದುರುಗೇಶಿ.
ಬಾಯಿ ವಹಿ ಮುಚ್ಚಿದಳು.

ಎರಡು ತಿಂಗಳು ಹೂಳು ಹೊತ್ವಿ.
ತಳದಾಗ ಒಂದು ಕಲ್ಲಿನ ಮೀನ ಸಿಕ್ಕಿತು,
ಗ್ವಾಡಿಗೆ ಅಂಟಿಕೊಂಡು ಬಾಯಿ ತಕ್ಕೊಂಡಿತ್ತು.
ಆ ಬಾಯಿಂದ ನೀರು ಬರಬೇಕು.
ಒಂದು ಇರವಿ ಬಂತು, ಹಿಂದ ಇನ್ನೊಂದು.
ಗಾಂವ್ಕರ ಇಂಜಿನಿಯರ ಕೈ ಝಾಡಿಸಿದ:
"ಪಂಪ ಹಚ್ಚಿ ಹೊಳಿ ನೀರ ಏರಿಸೋಣ,
ಬಂದ ಗಿರಾಕಿಗೆ ಏನ ಗೊತ್ತಾಗತೈತಿ?"
ಬಾಯಿ ಮಾತಾಡಲಿಲ್ಲ.
ಚಪ್ಪಲಿ ಕಳದು, ಒಣ ತೊಟ್ಟಿಯೊಳಗ ಇಳಿದು,
ಸಂಜೀತನಕ ನಿಂತಳು.

ಈ ಕಡೆ ತಗಡಿನ ಶೆಡ್ಡಿನ್ಯಾಗ
ಮೂರು ದಿನದಿಂದ ದ್ಯಾವಕ್ಕನ ಒಲಿ ಹೊತ್ತವಲ್ದು.
ಹಸಿ ಕಟಗಿಗೆ ಬೈದಳು, ಗೋವಾದ ಥಂಡಿಗೆ ಬೈದಳು,
ತನ್ನನ್ನ ಇಲ್ಲಿಗೆ ಕರಕೊಂಡು ಬಂದ ನನಗೂ ಬೈದಳು.
ನಾಕನೇ ದಿನ ನಸಿಕಿನ್ಯಾಗ ಒದರಿದಳು.
ಹೋಗಿ ನೋಡಿದ್ರ,
ಮೂರು ಕಲ್ಲಿನ ನಡುವ, ಬೂದಿಯೊಳಗ,
ಅನ್ನ ಕುದ್ದಂಗ ಗುಳು ಗುಳು,
ಮುಟ್ಟಿದ್ರ ತಣ್ಣಗ.
ಬೂದಿ ಅಂಚಿಗೆಲ್ಲಾ ಕೆಂಪು.
ದ್ಯಾವಕ್ಕ ಬೆರಳದ್ದಿ ನೆಕ್ಕಿದಳು:
"ಥೂ, ಕುಡಗೋಲು ನೆಕ್ಕಿದಂಗ ಐತಿ."

ಬಾಯಿ ಫ್ರಾಕ್ ಎತ್ತಿ ಹಿಡದು ಓಡಿ ಬಂದಳು,
ಬೂದಿಯಾಗ ಮೊಣಕಾಲೂರಿ ಬೊಗಸಿ ತುಂಬಿ ಕುಡದಳು.
"ಫೆರ್ರು," ಅಂದಳು. "ಫೆರ್ರು, ಫೆರ್ರು!"
ಗದ್ದಕ್ಕೆಲ್ಲಾ ಮಸಿ.
ಕಬ್ಬಿಣಕ್ಕ ಅವರು ಹಂಗಂತಾರಂತ.

ಶೆಡ್ಡು ದಿನ್ನಿ ಮ್ಯಾಲ ಹೋತು.
ಒಲಿಯಿಂದ ಮೀನಿನ ಬಾಯಿತನಕ
ಅರವತ್ತು ಅಡಿ ಕಲ್ಲು ಕಡದು ಕಾಲುವಿ ಮಾಡಿದ್ವಿ.
ಇಂಜಿನಿಯರ ನಕಾಶೆದಾಗ ಮೂರು ಒಲಿಕಲ್ಲಿಗೆ
ಮೂರು ಚುಕ್ಕಿ ಇಟ್ಟು, ಇವನ್ನ ಮುಟ್ಟಬ್ಯಾಡ್ರಿ ಅಂದ.
"ಯಾಕ ಮುಟ್ಟಬಾರದು?" ದ್ಯಾವಕ್ಕ ಸೆರಗು ಬಿಗಿದಳು,
"ಐದು ಊರು ಹೊತ್ತು ತಂದೀನಿ ಅವನ್ನ."
ನಾಕು ದಿನ ಜಗ್ಗಾಟ ನಡೀತು.
ಎರಡು ಒಯ್ದಳು, ಒಂದು ಬಿಟ್ಟಳು.
ಮೂರನೇ ಕಲ್ಲು ಎಲ್ಲಿ ಹೋದ್ರೂ ಸಿಗತೈತಂತ.

ಕಡೀಗೆ ನನಗೊಂದು ಫಲಕ ಕೊಟ್ಟರು ಕೆತ್ತಲಿಕ್ಕೆ,
ಬಾಗಲದಾಗ ನಿಂದ್ರಿಸೂದು:
ಇಲ್ಲಿ ಮಾತು ಬ್ಯಾಡ.
ಒಂಬತ್ತು ತಿಂಗಳು ಸುತ್ತಿಗಿ ಬಡದು, ಒದರ್ಯಾಡಿ,
ರೇಡಿಯೋ ಹಚ್ಚಿ, ಜಗಳಾಡಿ,
ಮೌನ ಕಟ್ಟೀವಿ ನಾವು.
ಆ ಅಕ್ಷರ ಕೆತ್ತುವಾಗೂ ಉಳಿ ಸುಮ್ಮನಿರಲಿಲ್ಲ.

ಊರಿಗೆ ಹೋಗೂ ಬಸ್ಸಿಗೆ ಒಂದು ಬಾಟಲಿ ನೀರು ತುಂಬಿಕೊಂಡೆ.
ತುಂಬಿದಾಗ ಕಣ್ಣೀರಿನಂಥ ತಿಳಿ,
ಲೋಂಡಾ ದಾಟೂದ್ರಾಗ ತಳಕ್ಕ ಕೆಂಪು ಕೂತಿತ್ತು.
ಬಾಜೂ ಸೀಟಿನಾಂವ ಬಗ್ಗಿ ನೋಡಿದ.
"ಔಷಧ ಏನ್ರಿ?"
ಹೌದು ಅಂದೆ.
"ಯಾವ ರೋಗಕ್ಕ?"
ಆ ಜಾಗಾ
ಖಾಲಿ ಬಿಟ್ಟೆ.