ಬಾಯಿಗೆ ಹೆಪ್ಪು

ಕೋಟೆ ಪಕ್ಕದ ದಂತದಾಸ್ಪತ್ರೆಯಲ್ಲಿ
ಚೀಟಿ ಕೊಟ್ಟು ಕೂರಿಸಿದರು: ನಲವತ್ತೊಂದು.
ಟಿಕೆಟ್ ಹರಿಯುವವಳಿಗೂ ಒಂದು ಟಿಕೆಟ್ಟು.
ಹತ್ತೊಂಬತ್ತು ವರ್ಷ ಬಸ್ಸಿನಲ್ಲಿ ನಿಂತೇ ಬದುಕಿದವಳು
ಕುರ್ಚಿ ಹಿಂದಕ್ಕೆ ವಾಲಿದಾಗ
ಕೈ ತಾನಾಗಿ ಮೇಲಿನ ಕಂಬಿ ಹುಡುಕಿತು.

"ಬಾಯಿ ಬಿಡಿ, ಹೊಂಬಾಳಮ್ಮ."

ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರೆ.
ಬಿಟ್ಟೆ.
ಡಾಕ್ಟರ್ ಮೆಹಜಬೀನ್, ನನ್ನ ಮಗಳ ವಯಸ್ಸು,
ಒಸಡಿನ ಅಂಚಿಗೆ ಕಡ್ಡಿ ಇಳಿಸಿ ಓದುತ್ತ ಹೋದಳು:
ಮೂರು, ನಾಲ್ಕು, ರಕ್ತ. ನಾಲ್ಕು, ಐದು, ರಕ್ತ.
ಪಕ್ಕದ ಹುಡುಗ ಬರೆದುಕೊಂಡ
ರಾತ್ರಿ ಡಿಪೋದಲ್ಲಿ ನಾನು ಕಲೆಕ್ಷನ್ ಬರೆಸುವ ಹಾಗೆ.

ಅವಳಿಗೆ ಹೇಳಲಿಲ್ಲ
ಟಿಕೆಟ್ ಮಿಷನ್ನು ಬಾಯಿಗೆ ಅಡ್ಡ ಹಿಡಿದು
"ಎಲ್ಲಿಗೆ" ಅಂತ ಕೇಳಿ ಎಷ್ಟು ವರ್ಷವಾಯಿತೆಂದು.
ಡ್ರೈವರ್ ಕೆಂಪರಾಜು ಒಂದು ದಿನ
ಏನೂ ಅನ್ನದೆ ಎರಡು ಏಲಕ್ಕಿ ಕೊಟ್ಟಿದ್ದು.
ಮನೆಯವರು ಗೋಡೆ ಕಡೆ ತಿರುಗಿ ಮಲಗಿ
ಸೆಖೆ ಅಂದಿದ್ದು. ಡಿಸೆಂಬರಿನಲ್ಲಿ.

"ಆಂಟಿ, ಬಾಯೊಳಗೆ ಕೋಟಿಗಟ್ಟಲೆ ಜೀವ ಇರ್ತಾವೆ.
ಎಲ್ಲ ಕೆಟ್ಟವಲ್ಲ.
ಒಳ್ಳೆಯವು ಮೊದಲು ಬಂದು ಜಾಗ ಹಿಡಿದರೆ
ಕೆಟ್ಟವಕ್ಕೆ ಕೂರೋಕೆ ಇರಲ್ಲ."

ಬಾಯಲ್ಲಿ ಕನ್ನಡಿ ಇರುವಾಗಲೇ ನಗು ಬಂತು.
ಮೆಜೆಸ್ಟಿಕ್ಕಿನಲ್ಲಿ ಕಿಟಕಿಯಿಂದ ಕರ್ಚೀಫು ಎಸೆದು
ಸೀಟು ಹಿಡಿಯುವವರ ಕತೆ
ನನಗೆ ಹೇಳಿಕೊಡುತ್ತೀಯ, ತಾಯಿ?
ಒಳ್ಳೆಯವರು ಯಾವತ್ತಾದರೂ
ಮೊದಲು ಹತ್ತಿದ್ದನ್ನು ನಾನಂತೂ ಕಂಡಿಲ್ಲ.

ಮೂವತ್ತು ಗುಳಿಗೆಯ ಡಬ್ಬಿ ಕೊಟ್ಟಳು.
ಮಲಗುವ ಮುಂಚೆ ಉಜ್ಜಿ, ಸಂದಿಗೆ ದಾರ ಎಳೆದು,
ಆಮೇಲೆ ಒಂದು. ಚೀಪಬೇಕು, ನುಂಗಬಾರದು.
ಉಜ್ಜುವುದಕ್ಕೆ ಬದಲಲ್ಲ ಇದು, ಅದರ ಜೊತೆಗೆ.
ಇನ್ನೊಂದು ಮಾತು:
ಅರ್ಧ ಜನದ ಡಬ್ಬಿಯಲ್ಲಿ ಜೀವ ಇದೆ,
ಅರ್ಧ ಜನದ್ದರಲ್ಲಿ ಬರೀ ಪುಡಿ.
ಯಾರಿಗೆ ಯಾವುದು ಬಂತೋ
"ನನಗೂ ಗೊತ್ತಿಲ್ಲ ಆಂಟಿ. ಪ್ರಯೋಗ ಅಂದ್ರೆ ಹಾಗೆ."

ಲಗ್ಗೆರೆಯ ನಮ್ಮ ವಠಾರದಲ್ಲಿ
ಹೆಪ್ಪು ತೀರಿದರೆ ಸೆಲ್ವಿ ಮನೆಗೆ ಲೋಟ ಹೋಗುತ್ತದೆ.
ದೀಪ ಹಚ್ಚಿದ ಮೇಲೆ ಅವಳು ಕೊಡುವುದಿಲ್ಲ,
ಸಂಜೆ ಹೆಪ್ಪು ಕೊಟ್ಟರೆ ಮನೆಯ ಏನೋ ಹೊರಟುಹೋಗುತ್ತಂತೆ.
ಆ ಏನೋ ಯಾವುದೆಂದು ಈಗ ಯೋಚನೆ.
ಒಂದು ಚಮಚದಲ್ಲಿ ಕಣ್ಣಿಗೆ ಕಾಣದ ಎಷ್ಟು ಜನ
ಮನೆ ಬಿಟ್ಟು ಮನೆಗೆ ವಲಸೆ ಹೋಗುತ್ತಿದ್ದರೋ
ಟಿಕೆಟ್ಟಿಲ್ಲದೆ.

ಹಾಗಾದರೆ ನನ್ನ ಬಾಯಿಗೂ ದಿನಾ ರಾತ್ರಿ ಹೆಪ್ಪು.
ಪುದೀನದ ಒಂದು ನೆನಪು, ನಾಲಗೆ ಮೇಲೆ ಸ್ವಲ್ಪ ಸುಣ್ಣದ ಹಾಗೆ.
ಕತ್ತಲಲ್ಲಿ ಕರಗುವವರೆಗೂ ಮಾತಿಲ್ಲ.
ಹತ್ತಿ, ಹತ್ತಿ, ಒಳಗೆ ಹೋಗಿ,
ಹಿಂದೆ ಖಾಲಿ ಇದೆ, ದವಡೆ ಕಡೆ ಹೋಗಿ,
ಬಾಗಿಲಲ್ಲಿ ನಿಲ್ಲಬೇಡಿ.

ಹದಿನೆಂಟನೇ ದಿನ ಉಗುಳು ಬೆಳ್ಳಗಿತ್ತು.
ಹತ್ತೊಂಬತ್ತನೇ ದಿನ ಮತ್ತೆ ಕೆಂಪು.
ಇಪ್ಪತ್ತೈದರಿಂದ ಕೆಂಪಿಲ್ಲ.
ಗುಳಿಗೆಯೋ, ದಾರವೋ,
ಯಾರೋ ಒಬ್ಬಳು ನನ್ನ ಬಾಯೊಳಗೆ
ಮುಖ ಸಿಂಡರಿಸದೆ ನೋಡಿದ್ದೋ.

ತಡೆಯಲಾಗಲಿಲ್ಲ.
ಕೊನೆಯ ಗುಳಿಗೆ ಚೀಪಲಿಲ್ಲ, ಕುಟ್ಟಿ
ಉಗುರುಬೆಚ್ಚಗಿನ ಹಾಲಿಗೆ ಹಾಕಿ
ತಟ್ಟೆ ಮುಚ್ಚಿ ಮಲಗಿದೆ:
ಜೀವ ಇದ್ದರೆ ಹೆಪ್ಪುಗಟ್ಟಲಿ, ಇಲ್ಲದಿದ್ದರೆ ಇಲ್ಲ.

ಬೆಳಗಿನ ನಾಲ್ಕೂವರೆಗೆ ತೆಗೆದು ನೋಡಿದೆ.
ಮೊಸರಲ್ಲ. ಹಾಲೂ ಅಲ್ಲ.
ಲೋಟ ವಾಲಿಸಿದರೆ ಒಂದು ಗಳಿಗೆ ಯೋಚಿಸಿ
ಆಮೇಲೆ ಜಾರುವಂಥದು.
ಮೂಸಿದೆ. ಸ್ವಲ್ಪ ಹುಳಿ, ಇರಬಹುದು,
ಬೇಸಿಗೆ ಬೇರೆ.

ಮೆಹಜಬೀನಳಿಗೆ ಇದನ್ನು ಹೇಳಿದರೆ
ನನ್ನ ಲೆಕ್ಕ ಪಟ್ಟಿಯಿಂದ ಹೊಡೆದುಹಾಕುತ್ತಾಳೇನೋ.
ಖಾಲಿ ಡಬ್ಬಿ ಕೊಟ್ಟು ಸುಮ್ಮನಿರಬೇಕು.

ಮೊದಲ ಟ್ರಿಪ್ಪು. ಸುಂಕದಕಟ್ಟೆಯಲ್ಲಿ ಹತ್ತಿದ ಹೂವಿನ ಹೆಂಗಸು
ಬುಟ್ಟಿ ಇಟ್ಟು ಸೊನ್ನೆ ಟಿಕೆಟ್ಟಿಗೆ ಕೈ ಚಾಚಿದಳು.
ಬಗ್ಗಿ, ಹತ್ತಿರದಿಂದ, "ಎಲ್ಲಿಗಮ್ಮ?" ಅಂದೆ.
ಮಿಷನ್ನು ಸೊಂಟದಲ್ಲೇ ಇತ್ತು.
ಅವಳು ಮುಖ ತಿರುಗಿಸಲಿಲ್ಲ.
ಬುಟ್ಟಿ ತುಂಬ ಕನಕಾಂಬರ ಮಾತ್ರ.
ಅದಕ್ಕೆ ವಾಸನೆಯೇ ಇಲ್ಲ.